ದಾಂಡೇಲಿಯ ದಾರಿಯಲ್ಲಿ ಪೆಟ್ರೋಲಿನ ಲೆಕ್ಕ

ಬದನೆಕಾಯಿಯ ದರ ಓಣಿಗೊಂದು ಇರುತ್ತದೆ ಎಂಬುದನ್ನು ನಮಗೆ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಸಂತೆಯಲ್ಲಿ ಒಂದು ದರ, ಮನೆ ಬಾಗಿಲಿಗೆ ಬರುವ ಗಾಡಿಯವನ ಹತ್ತಿರ ಇನ್ನೊಂದು, ಸಂಜೆ ಕತ್ತಲಾದ ಮೇಲೆ ಹೋದರೆ ಮತ್ತೊಂದು! ಆದರೆ ಪೆಟ್ರೋಲಿನ ದರವೂ ಹೀಗೆಯೇ ಊರಿಗೊಂದು, ರಾಜ್ಯಕ್ಕೊಂದು, ದೇಶಕ್ಕೊಂದು ಇರುತ್ತದೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿದ್ದೇವೆ? ಅದು ಗಂಡಸರ ಮಾತು, ಕಾರಿನ ಹುಚ್ಚು ಇದ್ದವರ ಮಾತು ಎಂದು ಕಿವಿಯ ಹೊರಗೇ ಬಿಟ್ಟುಬಿಡುತ್ತೇವೆ. ಹಾಗೆ ಬಿಡುವ ಮಾತಲ್ಲ ಅದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳನ್ನು ಕಾರಿನಲ್ಲಿ ಸುತ್ತಿ ಬಂದ ಮೇಲೆ ನನಗೆ ಹಾಗೆ ಅನ್ನಿಸಿದೆ. ಹೋಗಬೇಕು ಅನ್ನುವವರಿಗೆ ದಾರಿಯೂ ತಿಳಿಯಲಿ, ಲೆಕ್ಕವೂ ತಿಳಿಯಲಿ ಎಂದು ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ನಾವು ಧಾರವಾಡದವರು. 2025ರ ಡಿಸೆಂಬರ್ ರಜೆಯಲ್ಲಿ ಹೊರಟವರು ನಾಲ್ಕು ಜನ: ಇವರು, ಕಾಲೇಜಿಗೆ ಹೋಗುವ ಮಗಳು, ನನ್ನ ಮೈದುನ ಮತ್ತು ನಾನು. ಐದನೆಯವಳು ಪದ್ಮಿನಿ! ಹೆಣ್ಣುಮಗಳಲ್ಲ, ನಮ್ಮ ಮಾವನವರು 1986ರಲ್ಲಿ ವರ್ಷಗಟ್ಟಲೆ ಕಾದು ಕೊಂಡ ಪ್ರೀಮಿಯರ್ ಪದ್ಮಿನಿ ಕಾರು. ಮಾವನವರು ತೀರಿಕೊಂಡ ಮೇಲೆ ಅದು ಮೈದುನನ ಪಾಲಿಗೆ ಬಂತು. ಅವನಿಗೆ ಮಕ್ಕಳಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಒರೆಸುವುದು, ಅದರ ಹೊಟ್ಟೆಯೊಳಗೆ ಕೈ ಹಾಕಿ ಏನೋ ಬಿಗಿಯುವುದು, ಇದೇ ಅವನ ಪೂಜೆ. ಕಳೆದ ವರ್ಷ ನಿವೃತ್ತಿಯಾದ. ಪೆನ್ಶನ್ ಕೈಗೆ ಬರತೊಡಗಿದ ಮೇಲೆ ಅವನೂ ನನ್ನ ಹಾಗೆ ಚೀಟಿ ಹಿಡಿದು ಲೆಕ್ಕ ಹಾಕತೊಡಗಿದ. ಇಪ್ಪತ್ತು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿತು. ಪೆಟ್ರೋಲ್ ನೂರರ ಮೇಲೆ. “ವೈನಿ, ಒಂದು ದೊಡ್ಡ ಸುತ್ತ ಹಾಕಿಸಿ ನೋಡೂಣು. ತಡಕೊಂಡ್ರ ಇಟಗೊಳ್ಳೂದು, ಇಲ್ಲಾಂದ್ರ ಗುಜರಿಗೆ ಕೊಟ್ಟಬಿಡೂದು” ಎಂದ. ಹೇಳುವಾಗ ಅವನ ಮುಖ ನೋಡುವಂತಿರಲಿಲ್ಲ. ಗುಜರಿ ಎಂಬ ಶಬ್ದವನ್ನು ಕಾರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ್ದ!

ಹಳಿಯಾಳ: ಕಬ್ಬಿನಿಂದ ಕಾರಿಗೆ

ಧಾರವಾಡ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಒಂದು ತಾಸಿನಲ್ಲಿ ಹಳಿಯಾಳ. ಅಲ್ಲಿಯವರೆಗೆ ಎರೆಮಣ್ಣು ಸರಿದು ಕೆಂಪು ಮಣ್ಣು ಬಂದಿರುತ್ತದೆ, ಜಾಲಿಯ ಬದಲು ಸಾಗವಾನಿ ಮರಗಳು ಬಂದಿರುತ್ತವೆ. ಭಾಷೆಯೂ ಬದಲಾಗುತ್ತದೆ. ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಬಾಯಿಂದ ಕೇಳಿಬರುತ್ತವೆ. ಡಿಸೆಂಬರಿನಲ್ಲಿ ಹೋದರೆ ದಾರಿ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಸಿಕ್ಕರೆ ತಾಳ್ಮೆ ಬೇಕು. ಊರ ಸಮೀಪ ಸಕ್ಕರೆ ಕಾರ್ಖಾನೆ. ಬೆಲ್ಲ ಕಾಯಿಸಿದಂಥ ವಾಸನೆ ಕಾರಿನೊಳಗೂ ಬರುತ್ತದೆ.

ಈ ಕಬ್ಬಿಗೂ ನಮ್ಮ ಕಾರಿಗೂ ಏನು ಸಂಬಂಧ ಅನ್ನುತ್ತೀರಾ? ಇದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ಎಥೆನಾಲ್ ಎಂಬ ಮದ್ಯಸಾರ ತಯಾರಾಗುತ್ತದೆ. ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥೆನಾಲ್ ಇರುವ ಪೆಟ್ರೋಲನ್ನು ನಮ್ಮ ದೇಶದಲ್ಲಿ ಮಾರಾಟಕ್ಕೆ ಬಿಟ್ಟದ್ದು 2023ರ ಫೆಬ್ರವರಿಯಲ್ಲಿ, ಅದೂ ಬೆಂಗಳೂರಿನ ಸಮಾರಂಭದಲ್ಲಿ. 2025ರ ಹೊತ್ತಿಗೆ ದೇಶದ ಬಹುತೇಕ ಎಲ್ಲ ಪಂಪುಗಳಲ್ಲೂ ಅದೇ ಸಿಗತೊಡಗಿತು. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ಹೊರದೇಶದಿಂದ ಬರುತ್ತದೆ. ಆ ಹೊರೆ ಸ್ವಲ್ಪ ಇಳಿಯಲಿ, ಕಬ್ಬಿನ ರೈತನಿಗೂ ನಾಲ್ಕು ಕಾಸು ಸಿಗಲಿ ಎಂಬುದು ಉದ್ದೇಶ.

ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಜೋಳದ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸಿ ರೊಟ್ಟಿ ಬಡಿದ ಹಾಗೆ ಎನ್ನಿ. ರೊಟ್ಟಿಯೇನೋ ಆಗುತ್ತದೆ, ಹಸಿವೆ ಮಾತ್ರ ಸ್ವಲ್ಪ ಬೇಗ ಆಗುತ್ತದೆ. ಹಳೆಯ ಕಾರುಗಳಿಗೆ ಇನ್ನೊಂದು ತೊಂದರೆ. ಅವುಗಳ ರಬ್ಬರ್ ನಳಿಗೆಗಳು, ಪೆಟ್ರೋಲ್ ಮೇಲೆತ್ತುವ ಪಂಪಿನೊಳಗಿನ ಪದರ, ಇವು ಎಥೆನಾಲ್ ತಾಗಿದರೆ ಮೆತ್ತಗಾಗುತ್ತವೆ. ಹೊರಡುವ ಮುಂಚೆ ಮೈದುನ ಅವೆಲ್ಲವನ್ನೂ ಹುಬ್ಬಳ್ಳಿಯಲ್ಲಿ ಹೊಸದಾಗಿ ಹಾಕಿಸಿದ್ದ. ಪೆಟ್ರೋಲಿನ ಬೋರ್ಡಿನಲ್ಲಿ ಕಾಣದ ಖರ್ಚು ಇದು.

ಇದೇ ಕಥೆ ನಮಗಿಂತ ಬಹಳ ಮೊದಲು ಬ್ರೆಜಿಲ್ ದೇಶದಲ್ಲಿ ನಡೆದಿದೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದನ್ನು ಬಿಗಿ ಮಾಡಿದಾಗ, ಮೂರು ಡಾಲರಿನ ಆಸುಪಾಸಿನಲ್ಲಿದ್ದ ಒಂದು ಬ್ಯಾರಲ್ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಹನ್ನೆರಡು ಡಾಲರಿನ ಹತ್ತಿರ ಹೋಯಿತು. ಒಂದು ಬ್ಯಾರಲ್ ಅಂದರೆ 159 ಲೀಟರ್. ಬ್ರೆಜಿಲಿನಲ್ಲಿ ಕಬ್ಬು ಹೇರಳ. 1975ರಲ್ಲಿ ಅವರು ಕಬ್ಬಿನ ಮದ್ಯಸಾರದಿಂದಲೇ ಕಾರು ಓಡಿಸುವ ಯೋಜನೆ ಹಾಕಿಕೊಂಡರು. 1979ರಲ್ಲಿ ಬರೀ ಮದ್ಯಸಾರದ ಮೇಲೆ ಓಡುವ ಕಾರು ಅಲ್ಲಿ ಮಾರಾಟಕ್ಕೆ ಬಂತು, ಅದೂ ಫಿಯೆಟ್ ಕಂಪನಿಯದು. ನಮ್ಮ ಪದ್ಮಿನಿಯ ತವರುಮನೆಯೂ ಅದೇ ಫಿಯೆಟ್! ಈಗ ಅಲ್ಲಿಯ ಪಂಪುಗಳಲ್ಲಿ ಎರಡೂ ಸಿಗುತ್ತವೆ, ಯಾವುದನ್ನು ಹಾಕಿದರೂ ಓಡುವ ಕಾರುಗಳು 2003ರಿಂದ ಬಂದಿವೆ. ಅಲ್ಲಿಯ ಜನ ಪಂಪಿನ ಮುಂದೆ ನಿಂತು ಒಂದು ಸುಲಭ ಲೆಕ್ಕ ಹಾಕುತ್ತಾರಂತೆ. ಎಥೆನಾಲಿನ ದರ ಪೆಟ್ರೋಲಿನ ದರದ ನೂರಕ್ಕೆ ಎಪ್ಪತ್ತರೊಳಗೆ ಇದ್ದರೆ ಎಥೆನಾಲ್, ಮೇಲಿದ್ದರೆ ಪೆಟ್ರೋಲ್. ನಮ್ಮಲ್ಲಿ ಆ ಆಯ್ಕೆ ಇಲ್ಲ, ಬೆರೆಸಿದ್ದನ್ನೇ ತೆಗೆದುಕೊಳ್ಳಬೇಕು.

ದಾಂಡೇಲಿ: ಕಾರಿನ ಹುಚ್ಚು ನಾನಾ ತರಹ

ಹಳಿಯಾಳದಿಂದ ದಾಂಡೇಲಿಗೆ ಅರ್ಧ ತಾಸಿನ ಮೇಲೆ ಸ್ವಲ್ಪ. ದಾಂಡೇಲಿ ಹಿಂದೆ ಹಳಿಯಾಳ ತಾಲ್ಲೂಕಿನ ಊರು, ಈಗ ಅದೇ ಒಂದು ತಾಲ್ಲೂಕು. 1950ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ ಊರನ್ನು ಬೆಳೆಸಿತು. ಈಗ ಪ್ರವಾಸಿಗರು ಬೆಳೆಸುತ್ತಿದ್ದಾರೆ. ಮಗ್ಗುಲಲ್ಲೇ ಕಾಳಿ ನದಿ, ಸುತ್ತ ಹುಲಿಗಳಿರುವ ಕಾಡು. 1956ರಲ್ಲಿ ವನ್ಯಧಾಮವಾದ ಈ ಕಾಡು 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರಾಯಿತು. ಹುಲಿ ನಮಗೆ ಕಾಣಲಿಲ್ಲ. ಮಂಗಟ್ಟೆ ಹಕ್ಕಿ ಮಾತ್ರ ಬೇಕಾದಷ್ಟು ಕಂಡಿತು. ರೆಕ್ಕೆ ಬಡಿದರೆ ಹಳೆಯ ಬಸ್ಸು ಏರು ಹತ್ತಿದ ಹಾಗೆ ಸದ್ದು! ಬೆಳಿಗ್ಗೆ ಬೇಗ ಎದ್ದರೆ ನಿಮಗೂ ಕಂಡೀತು.

ನಾವು ಉಳಿದ ಮನೆಯ ಅಂಗಳದಲ್ಲಿ ಸಂಜೆ ಐದಾರು ದೊಡ್ಡ ಜೀಪುಗಳು ಬಂದು ನಿಂತವು. ಪುಣೆ, ಬೆಂಗಳೂರು, ಗೋವಾದ ನಂಬರಿನವು. ಇಳಿದವರು ಮೂವತ್ತರ ಒಳಗಿನ ಹುಡುಗರು. ಪದ್ಮಿನಿಯನ್ನು ಕಂಡದ್ದೇ ಸುತ್ತ ಕೂಡಿಬಿಟ್ಟರು. ಮೈದುನ ಬಾನೆಟ್ ತೆಗೆದು ತೋರಿಸಿದ್ದೂ ತೋರಿಸಿದ್ದೇ! 1,089 ಸಿ.ಸಿ. ಇಂಜಿನ್, ಲೀಟರಿಗೆ ಹನ್ನೆರಡು ಕಿಲೋಮೀಟರ್ ಎಂದು ಹೆಮ್ಮೆಯಿಂದ ಹೇಳಿದ. ನಿಮ್ಮದು ಎಷ್ಟು ಕೊಡುತ್ತದೆ ಎಂದು ನಾನು ಒಬ್ಬ ಬೆಂಗಳೂರಿನ ಹುಡುಗನನ್ನು ಕೇಳಿದೆ. “ಅದೊಂದು ಕೇಳಬೇಡಿ ಆಂಟಿ. ಎಂಟು ಕೊಟ್ಟರೆ ಹೆಚ್ಚು” ಎಂದು ನಕ್ಕ. ವರ್ಷಕ್ಕೆ ಆರು ಸಲ ಇಂಥ ಕಾಡಿನ ಊರುಗಳಿಗೆ ಬರುತ್ತಿದ್ದವರು ಈಗ ಎರಡೇ ಸಲಕ್ಕೆ ಇಳಿಸಿದ್ದಾರಂತೆ. ಅಷ್ಟೂ ದೂರ ಬಂದರೂ ಹುಲಿ ಕಾಡಿನ ಒಳಗೆ ಸ್ವಂತ ಜೀಪು ಬಿಡುವ ಹಾಗಿಲ್ಲ, ಸಫಾರಿಯ ಜೀಪಿನಲ್ಲೇ ಹೋಗಬೇಕು. ಅದು ಸರಿಯೇ ಅನ್ನಿ, ಕಾಡು ಇರುವುದು ನಮ್ಮ ಹುಚ್ಚಿಗಲ್ಲ.

ಆ ರಾತ್ರಿ ಊಟದ ಮೇಲೆ ಮಾತು ಪೆಟ್ರೋಲಿನ ಮೇಲೇ ನಡೆಯಿತು. ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಕಚ್ಚಾ ಎಣ್ಣೆಯ ಪೇಟೆ ಇಡೀ ಜಗತ್ತಿಗೆ ಹೆಚ್ಚುಕಡಿಮೆ ಒಂದೇ. ಹೀಗಿದ್ದರೂ 2025ರಲ್ಲಿ ಕುವೈತಿನಲ್ಲಿ ಒಂದು ಲೀಟರ್ ಪೆಟ್ರೋಲ್ ನಮ್ಮ 25 ರೂಪಾಯಿಯೊಳಗೆ ಸಿಗುತ್ತಿತ್ತು, ಹಾಂಗ್‌ಕಾಂಗಿನಲ್ಲಿ 300 ರೂಪಾಯಿಯ ಹತ್ತಿರ. ನಮ್ಮ ಧಾರವಾಡದಲ್ಲಿ 103ರ ಆಸುಪಾಸು. ಈ ಅಂತರ ಎಣ್ಣೆಯದಲ್ಲ. ಒಂದು ಸರಕಾರ ಕೈಯಿಂದ ದುಡ್ಡು ಹಾಕಿ ಅಗ್ಗ ಮಾಡುತ್ತದೆ, ಇನ್ನೊಂದು ತೆರಿಗೆ ಹಾಕಿ ತುಟ್ಟಿ ಮಾಡುತ್ತದೆ. ಅಷ್ಟೇ ಗುಟ್ಟು.

ಆ ಬೆಲೆಗೆ ತಕ್ಕ ಹಾಗೆ ಕಾರಿನ ರೂಪವೂ ಬದಲಾಗುತ್ತದೆ, ನೋಡಿ. ಅಮೆರಿಕದಲ್ಲಿ ಕೇಂದ್ರ ಸರಕಾರದ ಪೆಟ್ರೋಲ್ ತೆರಿಗೆ 1993ರಿಂದ ಒಂದು ಗ್ಯಾಲನ್ನಿಗೆ 18.4 ಸೆಂಟ್, ಅಂದರೆ ಲೀಟರಿಗೆ ನಮ್ಮ ನಾಲ್ಕು ರೂಪಾಯಿ ಚಿಲ್ಲರೆ. ರಾಜ್ಯಗಳ ತೆರಿಗೆ ಬೇರೆ ಇದ್ದರೂ ಒಟ್ಟಿನಲ್ಲಿ ಕಡಿಮೆಯೇ. ಹಾಗಾಗಿ ಅಲ್ಲಿ ಮನೆಯಷ್ಟು ದೊಡ್ಡ ಕಾರುಗಳು. ಇಂಗ್ಲೆಂಡಿನಲ್ಲಿ 1956ರ ಸುಯೆಜ್ ಕಾಲುವೆ ಜಗಳದಿಂದ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಕುಡಿಯುವ ಪುಟ್ಟ ಕಾರು ಬೇಕೆಂಬ ಕೂಗಿನಿಂದ 1959ರಲ್ಲಿ ಹುಟ್ಟಿದ್ದೇ ಮಿನಿ. ಇಂದಿಗೂ ಅದಕ್ಕೆ ಪ್ರಾಣ ಬಿಡುವವರಿದ್ದಾರೆ. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ 796 ಸಿ.ಸಿ.ಯ ಮಾರುತಿ ಬಂದಾಗ ಜನ ಮುಗಿಬಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಡಿಮೆ ಕುಡಿದು ಹೆಚ್ಚು ಓಡುತ್ತದೆ ಎಂಬುದೇ ಅದರ ದೊಡ್ಡ ಗುಣವಾಗಿತ್ತು. ಕಾರು ಪ್ರೀತಿಸುವವರು ತಮ್ಮ ಮನಸ್ಸಿನಂತೆ ಪ್ರೀತಿಸುತ್ತೇವೆ ಅಂದುಕೊಳ್ಳುತ್ತಾರೆ. ಅವರ ಊರಿನ ಪೆಟ್ರೋಲ್ ದರ ಆ ಪ್ರೀತಿಗೆ ಮೊದಲೇ ಅಳತೆ ಹಾಕಿಟ್ಟಿರುತ್ತದೆ.

ಒಂದು ಲೀಟರಿನೊಳಗೆ ಏನೇನಿದೆ?

ನಮ್ಮ 103 ರೂಪಾಯಿಯನ್ನು ಬಿಡಿಸಿ ನೋಡೋಣ. ಎಣ್ಣೆ ಕೊಂಡು, ಶುದ್ಧ ಮಾಡಿ, ಡಿಪೋದಿಂದ ಪಂಪಿಗೆ ತಂದ ಖರ್ಚು ಮೊದಲನೆಯದು. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ. ನಾವು ಹೋದಾಗ ಅದು ಲೀಟರಿಗೆ 21 ರೂಪಾಯಿ 90 ಪೈಸೆ ಇತ್ತು. ಆಮೇಲೆ ಪಂಪಿನವರ ಕಮಿಷನ್. ಇವೆಲ್ಲ ಕೂಡಿದ ಮೊತ್ತದ ಮೇಲೆ ರಾಜ್ಯದ ಮಾರಾಟ ತೆರಿಗೆ. ಕರ್ನಾಟಕದಲ್ಲಿ 2024ರ ಜೂನ್ 15ರಂದು ಇದನ್ನು ನೂರಕ್ಕೆ 25.92ರಿಂದ 29.84ಕ್ಕೆ ಏರಿಸಿದರು, ಒಂದೇ ದಿನ ಮೂರು ರೂಪಾಯಿ ಏರಿತು. ಅಂದರೆ ಕೇಂದ್ರದ ಸುಂಕದ ಮೇಲೂ ರಾಜ್ಯದ ತೆರಿಗೆ ಬೀಳುತ್ತದೆ, ಒಗ್ಗರಣೆಯ ಮೇಲೆ ಒಗ್ಗರಣೆ! ಎರಡೂ ಕೂಡಿದರೆ 103ರಲ್ಲಿ ಸುಮಾರು 45 ರೂಪಾಯಿ ತೆರಿಗೆಯೇ ಆಯಿತು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಪೆಟ್ರೋಲ್, ಡೀಸೆಲ್‌ಗಳನ್ನು ಅದರ ಹೊರಗೆ ಇಟ್ಟರು. ಅದಕ್ಕೇ ರಾಜ್ಯಕ್ಕೊಂದು ದರ. 2025ರಲ್ಲಿ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ (ಈಗ ಅದರ ಹೆಸರು ಶ್ರೀ ವಿಜಯಪುರಂ) 82ರ ಆಸುಪಾಸು ಇತ್ತು. ಇನ್ನೊಂದು ತುದಿಯ ರಾಜಸ್ಥಾನದ ಶ್ರೀಗಂಗಾನಗರ 2021ರ ಫೆಬ್ರವರಿಯಲ್ಲೇ ನೂರು ದಾಟಿತ್ತು.

ಈ ತೆರಿಗೆಯಿಂದಲೇ ರಸ್ತೆ, ಶಾಲೆ, ಆಸ್ಪತ್ರೆ ಆಗಬೇಕು, ಒಪ್ಪುತ್ತೇನೆ. 2023ರ ಜೂನ್‌ನಿಂದ ಕರ್ನಾಟಕದ ಸರಕಾರಿ ಬಸ್ಸಿನಲ್ಲಿ ನಾವು ಹೆಂಗಸರು ಟಿಕೆಟ್ ಇಲ್ಲದೆ ಓಡಾಡುತ್ತೇವಲ್ಲ, ಅದಕ್ಕೂ ಖಜಾನೆಯಿಂದಲೇ ಹಣ ಬರಬೇಕು. ಆದರೆ ಆ ಬಸ್ಸೇ ಬಾರದ ಹಳ್ಳಿಯವರು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಜೋಯಿಡಾಕ್ಕೆ ಹೋಗಬೇಕು.

ಜೋಯಿಡಾ: ಗಡಿಯಾಚೆ ಅಗ್ಗ

ದಾಂಡೇಲಿಯಿಂದ ಮುಂದೆ ಗಣೇಶಗುಡಿ. ಅಲ್ಲಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಹಿಂದೆ ಈ ತಾಲ್ಲೂಕಿಗೇ ಸೂಪಾ ಎಂದು ಹೆಸರು. ಊರು ನೀರಿನಲ್ಲಿ ಮುಳುಗಿತು, ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂತು, ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ರಾಮನಗರದ ಕಡೆಗೆ ಹೋದವು. ಹಿನ್ನೀರು ನೋಡಲು ಕಣ್ಣಿಗೆ ಹಬ್ಬ. ಕೆಳಗೆ ಊರಿದೆ ಎಂದು ನೆನಪಾದರೆ ಮಾತು ನಿಲ್ಲುತ್ತದೆ.

ಜೋಯಿಡಾ ಬಲು ವಿಸ್ತಾರವಾದ ತಾಲ್ಲೂಕು, ಜನ ಕಡಿಮೆ, ಕಾಡು ಹೆಚ್ಚು. ಪಶ್ಚಿಮಕ್ಕೆ ಗೋವಾ ಗಡಿ. ರಾಮನಗರ, ಅನಮೋಡ ದಾಟಿ ಘಟ್ಟ ಇಳಿದರೆ ಗೋವಾದ ಮೊಲ್ಲೆಂ. 2025ರಲ್ಲಿ ಅಲ್ಲಿ ಪೆಟ್ರೋಲ್ 97ರ ಆಸುಪಾಸಿಗೆ ಸಿಗುತ್ತಿತ್ತು, ನಮಗಿಂತ ಆರು ರೂಪಾಯಿ ಅಗ್ಗ. 2012ರಲ್ಲಂತೂ ದೊಡ್ಡ ಗದ್ದಲವೇ ಆಗಿತ್ತು. ಮನೋಹರ ಪರ್ರೀಕರ್ ಅವರ ಸರಕಾರ ಪೆಟ್ರೋಲಿನ ಮೇಲಿನ ವ್ಯಾಟ್ ತೆರಿಗೆಯನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿತು. ಆ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ಗೋವಾದಲ್ಲಿ ಲೀಟರಿಗೆ ಸುಮಾರು 11 ರೂಪಾಯಿ ಇಳಿಯಿತು. ಕಾರವಾರದ ಕಡೆಯವರು ಗಡಿ ದಾಟಿ ಪೋಳೆಂನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ಇಂದಿಗೂ ಇದೆ.

“ಹಂಗಾರ ನಾವೂ ಹೋಗಿ ತುಂಬಿಸಿಕೊಂಡ ಬರೂಣಲ್ಲ?” ಎಂದರು ಇವರು. ನಾನು ಬೆರಳು ಮಡಚಿದೆ. ಟ್ಯಾಂಕಿಗೆ ಹಿಡಿಸುವುದು 35 ಲೀಟರ್ ಎಂದೇ ಇಟ್ಟುಕೊಳ್ಳಿ. ಉಳಿಯುವುದು 210 ರೂಪಾಯಿ. ಜೋಯಿಡಾದಿಂದ ಹೋಗಿ ಬರಲು ನೂರು ಕಿಲೋಮೀಟರಿಗೂ ಮಿಕ್ಕಿ. ಅದಕ್ಕೆ ಎಂಟು ಲೀಟರಿಗೂ ಹೆಚ್ಚು ಬೇಕು, ಎಂಟುನೂರು ರೂಪಾಯಿ ಹೋಯಿತು! ಗಡಿಯಾಚೆಯ ಅಗ್ಗ ಗಡಿಗೆ ಅಂಟಿಕೊಂಡವರಿಗೆ ಮಾತ್ರ. ಮಗಳು ಚಪ್ಪಾಳೆ ತಟ್ಟಿದಳು, ಇವರು ಕಿಟಕಿಯ ಹೊರಗೆ ನೋಡಿದರು.

ಅಲ್ಲೇ ಒಂದು ಹಳ್ಳಿಯ ಅಂಗಳದಲ್ಲಿ ಗೆಡ್ಡೆ ಗೆಣಸು ಕೊಳ್ಳಲು ನಿಂತೆವು. ಜೋಯಿಡಾದ ಕುಣಬಿ ಜನ ಹತ್ತಾರು ಬಗೆಯ ಗೆಡ್ಡೆ ಬೆಳೆಯುತ್ತಾರೆ. ಒಂದೊಂದು ಮಗುವಿನ ತಲೆಯಷ್ಟು ದೊಡ್ಡವು. ಸಿಪ್ಪೆ ತೆಗೆದು, ಹುಣಸೆ ಹುಳಿ ಹಾಕಿ ಬೇಯಿಸಿ, ತೆಂಗಿನಕಾಯಿ ಮತ್ತು ಕೆಂಪು ಮೆಣಸಿನಕಾಯಿ ಅರೆದು ಕೂಡಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅನ್ನಕ್ಕೂ ರೊಟ್ಟಿಗೂ ಬಹಳ ಚೆನ್ನ. ಹುಳಿ ಬಿಟ್ಟರೆ ನಾಲಿಗೆ ತುರಿಸುತ್ತದೆ ಎಂದು ಆ ಮನೆಯ ಹೆಣ್ಣುಮಗಳೇ ಹೇಳಿಕೊಟ್ಟಳು.

ಮಾತಿಗೆ ಮಾತು ಬಂದು, ಪೆಟ್ರೋಲ್ ತುಟ್ಟಿಯಾದದ್ದು ನಿಮಗೂ ತೊಂದರೆಯೇನಮ್ಮ ಎಂದು ಕೇಳಿದೆ. ಅವಳೆಂದಳು: “ಬಾಯಿ, ನಮಗ ಪೆಟ್ರೋಲ್ ರೇಟ್ ಗೊತ್ತಿಲ್ಲ. ಜೀಪಿನವ ಎಷ್ಟ ಕೇಳ್ತಾನ, ಅದೇ ನಮ್ಮ ರೇಟು.” ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಸೊಸೆಗೆ ಹೆರಿಗೆ ನೋವು ಬಂದಾಗ ರಾತ್ರಿ ಜೀಪು ಮಾಡಿಕೊಂಡು ಹೋಗಬೇಕಾಯಿತಂತೆ. ಬಾಡಿಗೆ ಕೊಟ್ಟದ್ದು ಹನ್ನೊಂದು ದಿನದ ಕೂಲಿ. ಕೂಸು ಅಂಗಳದಲ್ಲಿ ಆಡುತ್ತಿತ್ತು, ದೇವರು ದೊಡ್ಡವನು. ಆದರೆ ಆ ಹನ್ನೊಂದು ದಿನದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಂದಿನಿಂದ ನಾನು ಪೆಟ್ರೋಲನ್ನು ರೂಪಾಯಿಯಲ್ಲಿ ಅಳೆಯುವುದನ್ನು ಬಿಟ್ಟು ಕೂಲಿಯಲ್ಲಿ ಅಳೆಯತೊಡಗಿದ್ದೇನೆ. ನೀವೂ ಅಳೆದು ನೋಡಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ದಿನವಿಡೀ ಮಣ್ಣು ಹೊತ್ತರೆ ಮೂರೂವರೆ ಲೀಟರ್ ಪೆಟ್ರೋಲ್. ಅಮೆರಿಕದಲ್ಲಿ ಕೇಂದ್ರ ಸರಕಾರ ನಿಗದಿ ಮಾಡಿದ ಅತಿ ಕಡಿಮೆ ಕೂಲಿ ಗಂಟೆಗೆ 7 ಡಾಲರ್ 25 ಸೆಂಟ್. ಆ ಒಂದು ಗಂಟೆಯ ಕೂಲಿಗೆ 2025ರಲ್ಲಿ ಎಂಟು ಲೀಟರಿಗೂ ಹೆಚ್ಚು ಸಿಗುತ್ತಿತ್ತು. ಅವರ ಒಂದು ಗಂಟೆ, ನಮ್ಮವರ ಎರಡು ದಿನ. ಬೋರ್ಡಿನ ಮೇಲಿನ ದರಕ್ಕಿಂತ ದೊಡ್ಡ ಅಂತರ ಇದು.

ಶ್ರೀಮಂತ ದೇಶದಲ್ಲೂ ಹಳ್ಳಿಯವರ ಪಾಡು ಇದೇ ಜಾತಿಯದು. ಫ್ರಾನ್ಸ್ ದೇಶದಲ್ಲಿ 2018ರ ನವೆಂಬರಿನಲ್ಲಿ ಪೆಟ್ರೋಲ್, ಡೀಸೆಲ್ ತೆರಿಗೆಯ ವಿರುದ್ಧ ಜನ ಬೀದಿಗಿಳಿದರು. ಅಲ್ಲಿ ಪ್ರತಿ ಕಾರಿನಲ್ಲೂ ಅಪಘಾತದ ವೇಳೆ ತೊಡಲು ಒಂದು ಹಳದಿ ಅಂಗಿ ಇಟ್ಟಿರಬೇಕೆಂದು ಕಾನೂನು. ಅದನ್ನೇ ತೊಟ್ಟು ವೃತ್ತಗಳಲ್ಲಿ ನಿಂತರು. ಪ್ಯಾರಿಸ್ಸಿನವರಿಗೆ ನೆಲದೊಳಗಿನ ರೈಲಿದೆ, ನಮಗೆ ಕಾರು ಬಿಟ್ಟರೆ ಬೇರೆ ಏನಿದೆ ಎಂಬುದು ಅವರ ಪ್ರಶ್ನೆ. ಜನವರಿಯಲ್ಲಿ ಆಗಬೇಕಿದ್ದ ಏರಿಕೆಯನ್ನು ಡಿಸೆಂಬರಿನಲ್ಲೇ ಸರಕಾರ ಕೈಬಿಟ್ಟಿತು. ನಮ್ಮ ಜೋಯಿಡಾದವಳಿಗೆ ಹಳದಿ ಅಂಗಿಯೂ ಇಲ್ಲ, ನಿಲ್ಲಲು ವೃತ್ತವೂ ಇಲ್ಲ.

ಪೆಟ್ರೋಲಿನ ಹಂಗೇ ಇಲ್ಲದೆ ಈ ದಾರಿಯಲ್ಲಿ ಬರುವವರೂ ಇದ್ದಾರೆ. ಇದೇ ತಾಲ್ಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಗುಡಿಯಿದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ. ಆಗ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಎತ್ತಿನ ಗಾಡಿ ಕಟ್ಟಿಕೊಂಡು ಘಟ್ಟ ಹತ್ತಿ ಬರುತ್ತಾರೆ. ಎತ್ತುಗಳಿಗೆ ಜೂಲ, ಕೊಂಬಿಗೆ ಬಣ್ಣ. ಅವರಿಗೂ ತಮ್ಮ ಗಾಡಿಯ ಹುಚ್ಚು ನಮ್ಮ ಮೈದುನನಷ್ಟೇ! ಅಟಲ್ ಬಿಹಾರಿ ವಾಜಪೇಯಿಯವರು 1973ರ ನವೆಂಬರಿನಲ್ಲಿ ಪೆಟ್ರೋಲ್ ಬೆಲೆ ಏರಿಕೆಗೆ ವಿರೋಧ ತೋರಿಸಲು ಸಂಸತ್ತಿಗೆ ಎತ್ತಿನ ಗಾಡಿಯಲ್ಲಿ ಬಂದಿದ್ದರು. ಉಳವಿಯ ಭಕ್ತರು ಯಾರ ವಿರೋಧಕ್ಕೂ ಅಲ್ಲ, ಭಕ್ತಿಗೆ ಬರುತ್ತಾರೆ.

ಮುಂಡಗೋಡ: ಎಣ್ಣೆಯ ದೇಶದ ಮಾತು

ಜೋಯಿಡಾದಿಂದ ಹಿಂದಿರುಗಿ ಯಲ್ಲಾಪುರದ ಮೇಲಿಂದ ಮುಂಡಗೋಡಕ್ಕೆ ಬಂದೆವು. ಕಾಡು ತೆಳ್ಳಗಾಗಿ ಮತ್ತೆ ಹೊಲಗದ್ದೆ ಕಾಣತೊಡಗುತ್ತವೆ. ಈ ಪಟ್ಟಿಯಲ್ಲೇ ಸಿದ್ದಿ ಜನರ ಊರುಗಳೂ ಇವೆ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಅವರು, ಮಾತು ನಮ್ಮದೇ. ಮುಂಡಗೋಡದ ಹತ್ತಿರ 1966ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕೊಟ್ಟರು. ಊರವರು ಅದನ್ನು ಬರೀ ‘ಕ್ಯಾಂಪ್’ ಅನ್ನುತ್ತಾರೆ. ದ್ರೇಪುಂಗ್, ಗಾಂದೇನ್ ಎಂಬ ದೊಡ್ಡ ಮಠಗಳು ಅಲ್ಲಿವೆ. ಕೆಂಪು ಬಟ್ಟೆಯ ಸನ್ಯಾಸಿಗಳು ಸಾಲಾಗಿ ಹೋಗುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬಿಸಿ ಮೊಮೊ ತಿನ್ನಿ, ನಮ್ಮ ಕಡುಬಿನ ತಂಗಿಯೇ ಅದು. ಪರದೇಶದವರು ಅಲ್ಲಿ ತಂಗಬೇಕಾದರೆ ಮೊದಲೇ ಸರಕಾರದ ಪರವಾನಿಗೆ ಬೇಕು.

ಹಾಗೆ ಪರವಾನಿಗೆ ಪಡೆದು ಬಂದಿದ್ದ ನಾರ್ವೆ ದೇಶದ ಹಿರಿಯ ಹೆಂಗಸೊಬ್ಬರು ಹೋಟೆಲಿನಲ್ಲಿ ನಮ್ಮ ಮೇಜಿಗೇ ಬಂದು ಕೂತರು. ಮಗಳು ಇಂಗ್ಲಿಷಿನಲ್ಲಿ ಮಾತಾಡಿ ನನಗೆ ಹೇಳುತ್ತಿದ್ದಳು. ನಾರ್ವೆ ಸ್ವತಃ ಎಣ್ಣೆಯ ದೇಶ, 1969ರಲ್ಲಿ ಅವರ ಸಮುದ್ರದಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು. ಹಾಗಾದರೆ ಅಲ್ಲಿ ಪೆಟ್ರೋಲ್ ಅಗ್ಗವಿರಬೇಕಲ್ಲ ಎಂದು ಕೇಳಿಸಿದೆ. ಆಕೆ ಜೋರಾಗಿ ನಕ್ಕರು. ನಮಗಿಂತಲೂ ಬಹಳ ತುಟ್ಟಿಯಂತೆ! ಎಣ್ಣೆ ಮಾರಿದ ಹಣವನ್ನು ಅವರು ಮಕ್ಕಳು ಮೊಮ್ಮಕ್ಕಳಿಗೆಂದು ಒಂದು ನಿಧಿಯಲ್ಲಿ ಕೂಡಿಡುತ್ತಾರೆ, ಮನೆಯಲ್ಲಿ ಉರಿಸುವುದಕ್ಕೆ ಮಾತ್ರ ಬಿಗಿ ತೆರಿಗೆ. 2024ರಲ್ಲಿ ಅಲ್ಲಿ ಮಾರಾಟವಾದ ನೂರು ಹೊಸ ಕಾರುಗಳಲ್ಲಿ 89 ಬರೀ ಬ್ಯಾಟರಿಯವು. ವಿದ್ಯುತ್ತು ಬಹುತೇಕ ಜಲಪಾತ, ಅಣೆಕಟ್ಟುಗಳಿಂದ ಬರುತ್ತದೆ.

ಅಣೆಕಟ್ಟು ಎಂದೊಡನೆ ನನಗೆ ಸೂಪಾ ನೆನಪಾಯಿತು. ಕಾಳಿ ನದಿಯ ವಿದ್ಯುತ್ತು ಬೆಂಗಳೂರಿನವರೆಗೂ ದೀಪ ಹಚ್ಚುತ್ತದೆ. ನಾಳೆ ಅದೇ ವಿದ್ಯುತ್ತಿನ ಮೇಲೆ ಊರ ತುಂಬ ಬ್ಯಾಟರಿ ಕಾರುಗಳು ಓಡಿಯಾವು. ಹಳ್ಳಿ ಮುಳುಗಿಸಿಕೊಂಡು ವಿದ್ಯುತ್ತು ಕೊಟ್ಟ ಜೋಯಿಡಾದವರಿಗೆ ಆ ಓಟದಲ್ಲಿ ಒಂದು ಪಾಲು ಬೇಡವೇ? ದಿನಕ್ಕೆರಡು ಬಸ್ಸು, ರಾತ್ರಿ ಹೊತ್ತು ಕರೆದರೆ ಬರುವ ಒಂದು ಗಾಡಿ. ಇಷ್ಟು ಸಿಕ್ಕರೆ ಹನ್ನೊಂದು ದಿನದ ಕೂಲಿ ಉಳಿದೀತು.

ಹೋಗುವವರಿಗೆ ನಾಲ್ಕು ಮಾತು

ನಮ್ಮ ಸುತ್ತಾಟ ಒಟ್ಟು 318 ಕಿಲೋಮೀಟರ್. ಲೀಟರಿಗೆ ಹನ್ನೆರಡರಂತೆ ಇಪ್ಪತ್ತಾರೂವರೆ ಲೀಟರ್, 2,730 ರೂಪಾಯಿ. ನಾಲ್ವರಿಗೆ ಹಂಚಿದರೆ ತಲೆಗೆ 680ರ ಸುಮಾರು. ಪದ್ಮಿನಿ ಒಮ್ಮೆಯೂ ಮುನಿಸಿಕೊಳ್ಳಲಿಲ್ಲ. ಮೈದುನ ಗುಜರಿಯ ಮಾತು ಬಿಟ್ಟಿದ್ದಾನೆ. ತಿಂಗಳಿಗೆ ಎರಡು ಸಲ ಮಾತ್ರ ಹೊರಗೆ ತೆಗೆಯುವುದು, ಉಳಿದ ದಿನ ಬಸ್ಸು ಎಂದು ಗೆರೆ ಹಾಕಿಕೊಂಡಿದ್ದಾನೆ. ಪೆನ್ಶನ್ನಿಗೆ ಅಷ್ಟೇ ಹೊಂದುವುದು. ಅವನಿಗೆ ಹಾಗೆ ಗೆರೆ ಹಾಕಿಕೊಳ್ಳುವ ಸ್ವಾತಂತ್ರ್ಯವಾದರೂ ಇದೆ.

ನೀವು ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಹಳಿಯಾಳ ಅಥವಾ ದಾಂಡೇಲಿಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಜೋಯಿಡಾದ ಒಳದಾರಿಗಳಲ್ಲಿ ಪಂಪು ಹುಡುಕಬೇಡಿ. ಹೊರಡುವ ಮುಂಚೆ ಚಕ್ರಗಳ ಗಾಳಿ ನೋಡಿಸಿ. ಗಾಳಿ ಕಡಿಮೆಯಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಡಿಕ್ಕಿಯಲ್ಲಿ ಬೇಡದ ಭಾರ ಹೇರಬೇಡಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಅವಲಕ್ಕಿ ಸಾಕು. ಪ್ಲಾಸ್ಟಿಕ್ಕನ್ನು ಕಾಡಿನಲ್ಲಿ ಎಸೆಯಬೇಡಿ. ಜೋಯಿಡಾದಲ್ಲಿ ಗೆಡ್ಡೆ ಕೊಳ್ಳುವಾಗ ದಯವಿಟ್ಟು ಚೌಕಾಶಿ ಮಾಡಬೇಡಿ. ಪೆಟ್ರೋಲ್ ಪಂಪಿನ ಮುಂದೆ ನಾವ್ಯಾರೂ ಚೌಕಾಶಿ ಮಾಡುವುದಿಲ್ಲವಲ್ಲ! ಮತ್ತೆ, ದಾರಿಯಲ್ಲಿ ಕೂಸನ್ನೆತ್ತಿಕೊಂಡ ಹೆಣ್ಣುಮಗಳು ಕೈ ಮಾಡಿದರೆ, ಹಿಂದಿನ ಸೀಟಿನಲ್ಲಿ ಒಂದಿಷ್ಟು ಸರಿದು ಕೂತು ಜಾಗ ಕೊಡಿ. ಅದಕ್ಕೆ ಹೆಚ್ಚಿನ ಪೆಟ್ರೋಲೇನೂ ಬೇಕಾಗುವುದಿಲ್ಲ.